ಟೈಲರಕ್ಕನ ಕಿಟಕಿ

ಅಡ್ಜಸ್ಟ್ ಅನ್ನುವ ಪದವನ್ನು ಇಂಗ್ಲಿಷಿನವರು ಯಾವ ಗಳಿಗೆಯಲ್ಲಿ ಹುಟ್ಟಿಸಿದರೋ, ಅದರ ಭಾರವೆಲ್ಲ ಟೈಲರಕ್ಕನ ತಲೆಗೇ ಬಂತು. ಬೀದಿಯವರೆಲ್ಲ ಹಾಗೆ ಕರೆಯುವ ಈಕೆ, ಅಪ್ಪ ಹೋದ ಮೇಲೆ ಹೊಲಿಗೆ ಮಿಷನ್ ತುಳಿದು ಅಮ್ಮನನ್ನೂ ತಮ್ಮನನ್ನೂ ಸಾಕಿದವಳು. ದಾರ ಬಿಗಿಯಾದರೆ ತಿರುಪು ತಿರುಗಿಸಿ ಅಡ್ಜಸ್ಟ್ ಮಾಡುತ್ತಿದ್ದಳು. ಅಲ್ಲಿ ಆ ಪದಕ್ಕೊಂದು ಮಾನವಿತ್ತು. ಮನೆಯೊಳಗೆ ಬಂದರೆ ಅದಕ್ಕೆ ‘ಮಾಡ್ಕೋ’ ಎಂಬ ಬಾಲ ಅಂಟಿಕೊಳ್ಳುತ್ತಿತ್ತು. ಅಡುಗೆ ಸಾಲದಿದ್ದರೆ ಅದರರ್ಥ ಹಸಿದಿರು, ನೆಂಟರು ಬಂದರೆ ನೆಲದ ಮೇಲೆ ಮಲಗು, ತಮ್ಮ ರೇಗಿದರೆ ಬಾಯಿ ಮುಚ್ಚು. ಮೂರನೆಯವರೆದುರು ಅದೇ ಕ್ರಿಯಾಪದ ಗುಣವಾಚಕವಾಗುತ್ತಿತ್ತು: ಎಲ್ಲದಕ್ಕೂ ಅಡ್ಜಸ್ಟ್ ಆಗೋ ಹೆಣ್ಣು ಎಂದು ಅಮ್ಮ ಹೊಗಳುತ್ತಿದ್ದಳು. ಆ ಹೊಗಳಿಕೆಗಿಷ್ಟು ಬೆಂಕಿ ಬೀಳಲಿ.

ತಮ್ಮನ ಮದುವೆ ಗೊತ್ತಾಯಿತು. ಮುಂದಿನ ಕೋಣೆ ಹೊಸ ಜೋಡಿಗೆ ಬೇಕೆಂದು ಅಮ್ಮ ಮಿಷನ್ನನ್ನು ಅಲ್ಲಿನ ಕಿಟಕಿಯ ಪಕ್ಕದಿಂದ ಎತ್ತಿಸಿ ಬಚ್ಚಲಿಗೆ ಹೋಗುವ ಪ್ಯಾಸೇಜಿನಲ್ಲಿ ಇಡಿಸಿದಳು. ಅಲ್ಲಿ ಹಗಲಲ್ಲೂ ಕತ್ತಲು. ಕಣ್ಣು ಹೋದರೆ ಅನ್ನವೂ ಹೋಗುತ್ತದೆ ಎಂದು ಅಕ್ಕ ಗೋಗರೆದಳು. ಬಲ್ಬಿದೆಯಲ್ಲ, ಅಡ್ಜಸ್ಟ್ ಮಾಡ್ಕೋ ಎಂದರು ಇಬ್ಬರೂ, ತಲೆ ಕೂಡ ಎತ್ತದೆ.

ಮದುವೆಯ ಹಿಂದಿನ ದಿನ ತಮ್ಮ, ಅಕ್ಕ ಮೊದಲೇ ಹೊಲಿದಿಟ್ಟಿದ್ದ ಕರಿ ಕೋಟು ಹಾಕಿ ನೋಡಿದ. ಗುಂಡಿ ಕೂಡಲಿಲ್ಲ. ಮದುವೆಯ ಖುಷಿಗೆ ಹೊಟ್ಟೆ ಮುಂದೆ ಬಂದಿತ್ತು. ಜನ ದಪ್ಪಗಾಗುವುದು ಗೊತ್ತಿದ್ದ ಅಕ್ಕ ಯಾರಿಗೆ ಹೊಲಿದರೂ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿರುತ್ತಿದ್ದಳು. ಹಳೇ ಹೊಲಿಗೆ ಬಿಚ್ಚುವುದೇನೋ ಎಲ್ಲಿ ಕೂತಾದರೂ ಆದೀತು. ಆದರೆ ಕರಿ ಬಟ್ಟೆಯ ಮೇಲೆ ಕರಿ ದಾರ ಓಡಿಸಲು ಆ ಮಿಣುಕು ಬಲ್ಬು ಸಾಲದು.

“ಮಿಷನ್ ಕಿಟಕಿ ಹತ್ರ ಬರ್ಲಿ, ಹೊಲಿದ್ಕೊಡ್ತೀನಿ,” ಎಂದಳು.

ತಮ್ಮ ಗೊಣಗಿದ, ಬೇರೆ ಟೈಲರುಗಳಿಗೆ ಫೋನು ಮಾಡಿದ, ಯಾರೂ ಒಪ್ಪಲಿಲ್ಲ. ಕೊನೆಗೆ ಕಿಟಕಿಯ ಬಳಿ ಹಾಕಿದ್ದ ಹೊಸ ಮಂಚವನ್ನು ಪಕ್ಕಕ್ಕೆ ತಳ್ಳಿ, ಏದುಸಿರು ಬಿಡುತ್ತ ಮಿಷನ್ ಹೊತ್ತು ತಂದ. ಅಕ್ಕ ಕೋಟನ್ನು ಸಡಿಲ ಮಾಡಿ ಕೊಟ್ಟಳು. ಅವನು ಮಿಷನ್ ವಾಪಸ್ ಎತ್ತಲು ಬಂದಾಗ ಅವಳು ಸ್ಟೂಲಿನಿಂದ ಏಳಲೇ ಇಲ್ಲ.

“ಇದು ಇನ್ಮೇಲೆ ಇಲ್ಲೇ ಇರುತ್ತೆ. ಮಂಚಕ್ಕೆ ಜಾಗ ನೀವು ನೋಡ್ಕೊಳ್ಳಿ.”

ಅಮ್ಮನಿಗೆ ನಿಜಕ್ಕೂ ಅಚ್ಚರಿಯಾಯಿತು. ಅಷ್ಟು ಕಷ್ಟವಾಗುತ್ತಿದ್ದರೆ ಬಾಯಿಬಿಟ್ಟು ಒಂದು ಮಾತು ಹೇಳಬಾರದಿತ್ತೇ ಎಂದು ಕೇಳಿದಳು.

ಟೈಲರಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

“ಹೇಳಿದೀನಮ್ಮ. ಹೇಳ್ದಾಗೆಲ್ಲ ಅಡ್ಜಸ್ಟ್ ಮಾಡ್ಕೋ ಅಂದವಳು ನೀನೇ.”