ಜಾಗ ಹಿಡಿದ ಅಜ್ಜಿ

ತೊಂಬತ್ತರ ದಶಕದ ಸೇಲಂನಲ್ಲಿ, ನಮ್ಮ ಮನೆಯ ಹಿಂದಿನ ಕನ್ನಡದವರ ಗುಡಿಸಲು ಸಾಲಿನಲ್ಲಿ ಇಡ್ಲಿ ಮಾರುತ್ತಿದ್ದ ಅಜ್ಜಿಗೆ ಲೋಕದ ಸಕಲ ಕಾಯಿಲೆಗಳೂ ಇದ್ದವು. ನಡೆಯಲಾರದ ಮುದುಕರ ಮಂಡಿನೋವು, ಉಬ್ಬಸಗಳನ್ನೆಲ್ಲ ತನ್ನವೆಂದೇ ಸರ್ಕಾರಿ ಆಸ್ಪತ್ರೆಯಲ್ಲಿ ನಿವೇದಿಸಿ, ಕೊಟ್ಟ ಮಾತ್ರೆಗಳನ್ನು ಪ್ರಸಾದದಂತೆ ಹಂಚುತ್ತಿದ್ದಳು. ಬಸ್ಸಿನಲ್ಲೂ ಅಷ್ಟೇ. ಮೊದಲು ನುಗ್ಗಿ, ಸೀಟಿನ ಮೇಲೆ ಸೆರಗು ಹಾಸಿ, "ನಿದಾನಕ್ಕೆ ಬನ್ನಿ, ಜಾಗ ಇಡ್ದಿವ್ನಿ" ಎಂದು ಕೂಗುವಳು.

ಒಂದು ಬೆಳಿಗ್ಗೆ ಪಕ್ಕದ ಗುಡಿಸಲಿನ ತಾತನಿಗೆ ಎದೆ ಹಿಂಡಿತು. ಆಸ್ಪತ್ರೆಗೆ ಹೋದವರು ಹೆಣವಾಗಿ ಬರುತ್ತಾರೆಂದು ಆತ ಏಳಲೊಪ್ಪಲಿಲ್ಲ. ಕಚೇರಿಗೆ ಹೊರಟಿದ್ದ ನನ್ನನ್ನು ಎಳೆದುಕೊಂಡು, ಅಜ್ಜಿ ಆ ನೋವನ್ನೂ ತಾನೇ ಹೊತ್ತು ನಡೆದಳು.

ತಮಿಳಿನಲ್ಲಿ ಅವಳು ಎದೆನೋವನ್ನು ಬಣ್ಣಿಸಿದ್ದೇ ತಡ, ಎಂದೂ ತಲೆಯೆತ್ತದ ಡಾಕ್ಟರು ಎದ್ದು ನಿಂತರು. ಅವಳನ್ನು ವಾರ್ಡಿನ ಮಂಚದ ಮೇಲೆ ಮಲಗಿಸಿಯೇಬಿಟ್ಟರು.

ನಿಜ ಹೇಳಿಬಿಡೋಣವೆಂದು ನಾನು ಬಾಯಿ ತೆರೆದರೆ ಅಜ್ಜಿ ರೇಗಿದಳು: "ಸುಮ್ನಿರ್ಲಾ! ನಾ ಎದ್ರೆ ಇನ್ಯಾರಾನ ಮಲಿಕ್ಕಂತಾರೆ. ಆಟೋದಾಗೆ ತಾತನ್ನ ಎತ್ತಾಕ್ಕಂಡು ಬಾ, ಓಗು. ಜಾಗ ಇಡ್ದವ್ಳೆ ಅನ್ನು."

ಓಡಿ ಬಂದು ಹಾಗೆಯೇ ಹೇಳಿದೆ. ತಾತ ಕಣ್ಣು ಬಿಟ್ಟ.

"ಅಯ್ಯೋ, ಕಾಯ್ತಾ ಅವ್ಳಾ?" ಎಂದು ಎದ್ದು ಕೂತ. ಎದೆಯ ಮೇಲಿನ ಕೈ ತೆಗೆಯದೆ, ಇನ್ನೊಂದು ಕೈ ಚಾಚಿ ಅಂಗಿ ಕೇಳಿದ.