ಹಾಸ್ಟೆಲ್‌ಗೆ ಹಾಕಲ್ಲ ಅಲ್ವಾ?

ಕೋವಿಡ್ ಕಾಲದ ರಜೆ ಮುಗಿದು ಶಾಲೆಗಳು ಮತ್ತೆ ಸರಿಯಾಗಿ ನಡೆಯತೊಡಗಿದ ವರ್ಷ ಅದು. ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ನಾನು ಆಪ್ತಸಮಾಲೋಚಕಿಯಾಗಿದ್ದೆ. ಕೆಲವು ಮಕ್ಕಳನ್ನು ಆಸ್ಪತ್ರೆಯ ಕೋಣೆಗೆ ಕರೆಸಿ ಮಾತಾಡಿಸಿದರೆ ಸಾಲದು. ಅವರ ಸಿಟ್ಟು ಎಲ್ಲಿ, ಯಾವ ಮಾತಿಗೆ ಹುಟ್ಟುತ್ತದೆ ಎಂಬುದನ್ನು ಮನೆಯಲ್ಲೇ ಕೂತು ನೋಡಬೇಕು. ಅಂಥವರ ಮನೆಗೆ ವಾರಕ್ಕೊಮ್ಮೆ ಹೋಗುವ ಕೆಲಸ ನನ್ನದು. ಶಿವಮೊಗ್ಗದ ಹೊಸಮನೆ ಬಡಾವಣೆಯಲ್ಲಿದ್ದ ನಾನು ಪ್ರತಿ ಶನಿವಾರ ಬಸ್ ಹತ್ತಿ ಭದ್ರಾವತಿಗೆ ಹೋಗತೊಡಗಿದ್ದು ಇಂಚರಾಳಿಗಾಗಿ.

ಇಂಚರಾಗೆ ಆಗ ಒಂಬತ್ತು ವರ್ಷ. ತಂದೆ ರುದ್ರೇಶ್ ಪಂಪ್‌ಸೆಟ್ ಅಂಗಡಿ ಇಟ್ಟಿದ್ದರು. ತಾಯಿ ವೀಣಾ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಒಬ್ಬಳೇ ಮಗಳು. ಅವಳಿಗೆ ಎಡಿಎಚ್‌ಡಿ ಇದೆಯೆಂದು ನಮ್ಮ ವೈದ್ಯರು ಗುರುತಿಸಿದ್ದರು. ಅಂದರೆ ಗಮನ ಒಂದೆಡೆ ನಿಲ್ಲುವುದಿಲ್ಲ, ಮೈ ಸುಮ್ಮನಿರುವುದಿಲ್ಲ, ಮನಸ್ಸಿಗೆ ಬಂದದ್ದನ್ನು ತಡೆದುಕೊಳ್ಳುವುದು ಆ ವಯಸ್ಸಿನ ಬೇರೆ ಮಕ್ಕಳಿಗಿಂತ ಕಷ್ಟ. ಅದು ಹಟವೂ ಅಲ್ಲ, ಸಾಕಿದ ರೀತಿಯ ದೋಷವೂ ಅಲ್ಲ. ಇಂಚರಾಳಲ್ಲಿ ಇದರ ಜೊತೆಗೆ ವಿಪರೀತ ಸಿಟ್ಟೂ ಇತ್ತು. ಸ್ಟೀಲ್ ಚೊಂಬು ಎಸೆದು ಟಿವಿ ಒಡೆದಿದ್ದಳು. ಅತ್ತೆಯ ಮಗಳ ಕೈ ಕಚ್ಚಿದ ಮೇಲೆ ಆ ಮನೆಗೆ ನೆಂಟರು ಬರುವುದು ನಿಂತಿತ್ತು.

ನಾನು ಹೋದ ಮೊದಲ ದಿನವೇ ಹೋಮ್‌ವರ್ಕ್ ವಿಷಯಕ್ಕೆ ಜಗಳವಾಯಿತು. "ಹಿಂಗೇ ಮಾಡ್ತಿರು, ಹಾಸ್ಟೆಲ್‌ಗೆ ಹಾಕ್ತೀವಿ ನಿನ್ನ" ಎಂದರು ವೀಣಾ. ಅಲ್ಲಿಯವರೆಗೆ ಬರೀ ಗೊಣಗುತ್ತಿದ್ದ ಹುಡುಗಿ ಕಂಪಾಸ್ ಬಾಕ್ಸನ್ನು ಕಿಟಕಿಗೆ ಬೀಸಿದಳು. ಮುಂದಿನ ವಾರವೂ ಅದೇ ಮಾತು, ಅದೇ ಪರಿಣಾಮ. ಅಡುಗೆಮನೆಯಲ್ಲಿ ವೀಣಾರನ್ನು ನಿಲ್ಲಿಸಿಕೊಂಡು, ಮಗುವಿನ ಸಿಟ್ಟಿನ ಕೆಳಗೆ ಭಯ ಇದೆ, ಹಾಸ್ಟೆಲ್ ಎಂಬ ಮಾತೇ ಈ ಮನೆಯಲ್ಲಿ ಬರಬಾರದು ಎಂದೆ. ವೀಣಾ ಸೆರಗಿನಿಂದ ಕಣ್ಣೊರೆಸಿಕೊಂಡರು. "ಇನ್ಮೇಲೆ ಬರಲ್ಲ ಮೇಡಮ್. ಇರೋಳು ಒಬ್ಬಳು. ಎಲ್ಲಿಗೆ ಕಳಿಸ್ಲಿ ಅವಳನ್ನ?"

ಇಂಚರಾ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದಳು. ಒಳಗೆ ಬಂದು ನನ್ನನ್ನೇ ಕೇಳಿದಳು: "ಆಂಟಿ, ನನ್ನ ಹಾಸ್ಟೆಲ್‌ಗೆ ಹಾಕಲ್ಲ ಅಲ್ವಾ?"

ನಾನು ವೀಣಾರ ಮುಖ ನೋಡಿದೆ. ಅವರು ಇಲ್ಲವೆಂದು ತಲೆಯಾಡಿಸಿದರು. "ಹಾಕಲ್ಲ ಪುಟ್ಟಾ" ಎಂದೆ.

ಕೆಲಸ ಅಲ್ಲಿಂದ ಕೈಗೂಡಿತು. ಒಮ್ಮೆಗೆ ಒಂದೇ ಸೂಚನೆ ಕೊಡುವುದು, ಅದನ್ನು ಮಾಡಿದ ಕೂಡಲೇ ಮೆಚ್ಚುವುದು, ಸಣ್ಣ ಕಿರುಚಾಟಕ್ಕೆ ತಿರುಗಿ ಕಿರುಚದೆ ಇರುವುದನ್ನು ತಂದೆತಾಯಿಗೆ ಕಲಿಸಿದೆ. ಸಿಟ್ಟು ಏರುತ್ತಿದೆ ಅನ್ನಿಸಿದಾಗ ಎರಡೂ ಅಂಗೈ ಊರಿ ಗೋಡೆಯನ್ನು ಬಲವಾಗಿ ತಳ್ಳುವುದನ್ನು ಇಂಚರಾಗೆ ಹೇಳಿಕೊಟ್ಟೆ. ಮೈಯೊಳಗಿನ ಬಿರುಸಿಗೆ ದಾರಿ ಸಿಕ್ಕರೆ ಕೈಗೆ ಸಿಕ್ಕಿದ್ದು ಹಾರುವುದಿಲ್ಲ. ಅವಳಿಗೆ ಅದು ಆಟದಂತೆ ಹಿಡಿಸಿತು. "ಗೋಡೆ ಇವತ್ತು ಸ್ವಲ್ಪ ಆಚೆ ಹೋಯ್ತು ನೋಡಿ ಆಂಟಿ" ಎಂದು ನಗುತ್ತಿದ್ದಳು. ಶಾಲೆಯಿಂದ ದೂರು ಬರುವುದು ಕಡಿಮೆಯಾಯಿತು. ವೀಣಾ ನನ್ನನ್ನು ಬಸ್ ಸ್ಟ್ಯಾಂಡಿನವರೆಗೂ ಬಿಡಲು ಬರುತ್ತಿದ್ದರು. ಗಂಡನ ಹತ್ತಿರವೂ ಹೇಳಿಕೊಳ್ಳದ ಕಷ್ಟಗಳನ್ನು ದಾರಿಯಲ್ಲಿ ಹೇಳುತ್ತಿದ್ದರು. ಅವರನ್ನು ನಾನು ಗೆಳತಿಯೆಂದೇ ಭಾವಿಸಿದ್ದೆ.

ಬೇಸಿಗೆ ರಜೆಗೆ ಮುಂಚೆ ಅವರು ಒಂದು ಬೇಡಿಕೆ ಇಟ್ಟರು. "ಸ್ಕೂಲಲ್ಲಿ ಮಕ್ಕಳನ್ನ ಒಬ್ಬೊಬ್ಬರನ್ನೇ ಕೂರಿಸ್ಕೊಂಡು ಪ್ರಶ್ನೆ ಕೇಳ್ತಾರಂತೆ. ಇವಳು ಎದ್ದು ಓಡದೆ ಕೂತು ಉತ್ತರ ಕೊಡೋ ಹಾಗೆ ಅಭ್ಯಾಸ ಮಾಡಿಸ್ತೀರಾ?" ಸಂತೋಷದಿಂದ ಒಪ್ಪಿದೆ. ನಾನು ಹೆಡ್‌ಮಿಸ್ ಆದೆ, ಇಂಚರಾ ಎದುರಿನ ಕುರ್ಚಿಯಲ್ಲಿ ಕೈಕಟ್ಟಿ ಕೂತಳು. ನಿನ್ನ ಹೆಸರೇನು, ಏನಿಷ್ಟ, ಸಿಟ್ಟು ಬಂದರೆ ಏನು ಮಾಡ್ತೀಯ? ವಾರದಿಂದ ವಾರಕ್ಕೆ ಅವಳು ಹೆಚ್ಚು ಹೊತ್ತು ಕೂತಳು.

ಮೇ ತಿಂಗಳ ಕೊನೆಯ ಶನಿವಾರ ನಾನು ಹೋದಾಗ ಮುಂಬಾಗಿಲು ತೆರೆದಿತ್ತು. ನಡುಮನೆಯಲ್ಲಿ ಹೊಸ ಟ್ರಂಕು, ಅದರ ಪಕ್ಕ ರುದ್ರೇಶ್ ಮತ್ತು ವೀಣಾ. ದಿವಾನ್ ಮಂಚದ ಮೇಲೆ ನಾನು ನೋಡಿರದ ಬಣ್ಣದ ಯೂನಿಫಾರ್ಮು, ಟವೆಲ್ಲು, ತಟ್ಟೆ ಲೋಟ. ಇಂಚರಾ ಮೂಲೆಯಲ್ಲಿ ನಮಗೆ ಬೆನ್ನು ಮಾಡಿ, ಎರಡೂ ಕೈಯಲ್ಲಿ ಗೋಡೆ ತಳ್ಳುತ್ತಾ ನಿಂತಿದ್ದಳು.

"ಆಂಟಿ, ನಾನು ಏನೂ ಎಸೆದಿಲ್ಲ. ಬೇಕಾದ್ರೆ ಅಮ್ಮನ್ನ ಕೇಳಿ. ಇನ್ನು ಕಳಿಸಲ್ಲ ಅಲ್ವಾ?"

ರುದ್ರೇಶ್ ಎದ್ದು ಅಂಗಳಕ್ಕೆ ಹೋದರು. ವೀಣಾ ಟವೆಲ್ ಮಡಿಸುವುದನ್ನು ನಿಲ್ಲಿಸಲಿಲ್ಲ. ದೂರದ ಊರಿನ ವಸತಿ ಶಾಲೆಯೊಂದರಲ್ಲಿ ಸಂದರ್ಶನ ಮುಗಿದು ಸೀಟು ಸಿಕ್ಕಿತ್ತು. ಅರ್ಜಿ ಹಾಕಿದ್ದು ಯಾವಾಗ ಎಂದು ಕೇಳಿದೆ.

"ನೀವು ಬರೋಕೆ ಮುಂಚೇನೇ ಮೇಡಮ್. ಆ ಸ್ಕೂಲಿನವರು ಇವಳ ಸ್ಥಿತಿ ನೋಡಿ, ಸ್ವಲ್ಪ ಸುಧಾರಿಸ್ಲಿ, ಆಮೇಲೆ ಕರ್ಕೊಂಡು ಬನ್ನಿ ಅಂದಿದ್ರು. ಅದಕ್ಕೇ ನಿಮ್ಮನ್ನ ಕರೆಸಿದ್ದು."

"ನನಗೆ ಹೇಳಬಹುದಿತ್ತಲ್ಲ?"

"ಹೇಳಿದ್ರೆ ನೀವು ಬರ್ತಿದ್ರಾ?" ಅವರ ದನಿ ಒಡೆಯಿತು. "ನೀವು ವಾರಕ್ಕೊಂದ್ಸಲ ಬಂದು ಹೋಗ್ತೀರಿ. ಮಿಕ್ಕ ದಿನ ಇವಳ ಜೊತೆ ಇರೋಳು ನಾನು. ನಂಗೂ ಸಾಕಾಗಿದೆ ಮೇಡಮ್."

ಆ ದಣಿವು ಸುಳ್ಳಾಗಿರಲಿಲ್ಲ. ಅದನ್ನು ಮೊದಲೇ ಹೇಳಿದ್ದರೆ ಆ ದಣಿವಿಗೂ ಒಂದು ದಾರಿ ಹುಡುಕುತ್ತಿದ್ದೆ. ಆದರೆ ಬಸ್ ಸ್ಟ್ಯಾಂಡಿನ ದಾರಿಯಲ್ಲಿ ಆಡಿದ ಅಷ್ಟೂ ಮಾತುಗಳ ನಡುವೆ ಅವರು ಈ ಒಂದನ್ನು ಬಚ್ಚಿಟ್ಟುಕೊಂಡಿದ್ದರು. ಹಾಕಲ್ಲ ಎಂದು ನನ್ನ ಬಾಯಲ್ಲಿ ಹೇಳಿಸಿದ್ದರು. ಮಗುವನ್ನು ಮನೆಯಲ್ಲಿ ಉಳಿಸಲು ಕಲಿಸಿದ ಪ್ರತಿಯೊಂದೂ ಅವಳನ್ನು ಹೊರಗೆ ಕಳಿಸಲು ಬಳಕೆಯಾಗಿತ್ತು.

ಇಂಚರಾಳ ಪಕ್ಕ ಮಂಡಿಯೂರಿದೆ. "ನಂಗೂ ಗೊತ್ತಿರ್ಲಿಲ್ಲ ಪುಟ್ಟಾ" ಎಂದೆ.

ಗೋಡೆಯಿಂದ ಕೈ ತೆಗೆದು ಅವಳು ನನ್ನನ್ನು ನೋಡಿದಳು. "ನೀವು ದೊಡ್ಡೋರಲ್ವಾ? ನಿಮಗೆ ಹೆಂಗೆ ಗೊತ್ತಿರಲ್ಲ?" ಎಂದು ಕೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಡಿಯಲಿಲ್ಲ, ಮೆಲ್ಲಗೆ ಹಾಕಿಕೊಂಡಳು. ಅವಳ ಯಾವ ಸಿಟ್ಟೂ ನನ್ನನ್ನು ಅಷ್ಟು ಹೆದರಿಸಿರಲಿಲ್ಲ.

ದಸರಾ ರಜೆಗೂ ಮುಂಚೆ ವಸತಿ ಶಾಲೆಯವರು ಅವಳನ್ನು ವಾಪಸು ಕಳಿಸಿದರು. ಊಟ ಬಿಟ್ಟಿದ್ದಳಂತೆ, ಕಿಟಕಿಯ ಗಾಜು ಒಡೆದಿದ್ದಳಂತೆ. ವೀಣಾ ಫೋನ್ ಮಾಡಿ, "ನನ್ನ ಮೇಲೆ ಸಿಟ್ಟಿರ್ಲಿ ಮೇಡಮ್, ಅವಳಿಗೋಸ್ಕರ ಬನ್ನಿ" ಎಂದು ಅತ್ತರು. ನನ್ನ ನೋವು ಆರಿರಲಿಲ್ಲ, ಆದರೂ ಹೋದೆ. ಇಂಚರಾ ಕೋಣೆಯಿಂದ ಹೊರಗೆ ಬರಲಿಲ್ಲ. "ಆ ಆಂಟಿ ಬೇಡ" ಎಂದಷ್ಟೇ ಕೇಳಿಸಿತು. ನನ್ನ ಸಹೋದ್ಯೋಗಿಯೊಬ್ಬರಿಗೆ ಆ ಮನೆಯನ್ನು ಒಪ್ಪಿಸಿದೆ. ಅವರು ವೀಣಾರ ದಣಿವಿನಿಂದಲೇ ಕೆಲಸ ಶುರುಮಾಡಿದರು. ನಿಧಾನವಾಗಿ ಆ ಮನೆ ಒಂದು ಹದಕ್ಕೆ ಬಂತೆಂದು ತಿಳಿಯಿತು. ಇಂಚರಾ ಈಗ ಭದ್ರಾವತಿಯಲ್ಲೇ ಶಾಲೆಗೆ ಹೋಗುತ್ತಿದ್ದಾಳೆ. ನನ್ನನ್ನು ಮಾತ್ರ ಅವಳು ಮತ್ತೆ ಮಾತಾಡಿಸಲಿಲ್ಲ.

ಈಗಲೂ ಮನೆಗಳಿಗೆ ಹೋಗುತ್ತೇನೆ. ಮಕ್ಕಳು ಇಂಥದೇ ಪ್ರಶ್ನೆಗಳನ್ನು ಕೇಳುತ್ತಾರೆ: ಅಪ್ಪ ಬಿಟ್ಟು ಹೋಗ್ತಾರಾ, ಶಾಲೆ ಬಿಡಿಸ್ತಾರಾ, ನನ್ನ ಎಲ್ಲಿಗಾದ್ರೂ ಕಳಿಸ್ತಾರಾ? ನಾನು ಉತ್ತರ ಹೇಳುವುದಿಲ್ಲ. ಅಪ್ಪ ಅಮ್ಮನನ್ನು ಕರೆದು ಮಗುವಿನ ಎದುರು ಕೂರಿಸಿ, ನೀವೇ ಹೇಳಿ ಎನ್ನುತ್ತೇನೆ. ಕೆಲವರು ತಕ್ಷಣ ಹೇಳುತ್ತಾರೆ. ಕೆಲವರು ನೆಲ ನೋಡುತ್ತಾರೆ. ಅಂಥ ಮನೆಗಳಲ್ಲಿ ಮಗುವಿನ ಸಿಟ್ಟನ್ನು ಪಕ್ಕಕ್ಕಿಟ್ಟು, ಮೊದಲು ದೊಡ್ಡವರ ಜೊತೆ ಮಾತು ಶುರುಮಾಡುತ್ತೇನೆ.