ಅಕ್ಕನ ಪಾಲಿಗೆ ಹೋದ ಪುಟ್ಟಿ

ಮೊನ್ನೆ ಅಟ್ಟದ ಮೇಲಿನ ಹಳೇ ಸಾಮಾನು ಇಳಿಸುವಾಗ ಒಂದು ಕೀಬೋರ್ಡ್ ಸಿಕ್ಕಿತು. ಮೇಲೆಲ್ಲ ನೂಲಿನ ಧೂಳು. ಸೆರಗಿನಿಂದ ಒರೆಸಿದೆ. ಎಡಗಡೆಯ ನಾಲ್ಕು ಗುಂಡಿಗಳ ಮೇಲೆ ಅಕ್ಷರವೇ ಇಲ್ಲ, ಸವೆದು ನುಣ್ಣಗಾಗಿವೆ. ಅವುಗಳ ಸಂದಿಯಲ್ಲಿ ಯಾವ ಕಾಲದ ಆಯುಧಪೂಜೆಯದೋ ಕುಂಕುಮ ಇನ್ನೂ ಕೂತಿತ್ತು. ಮೂಗಿನ ಹತ್ತಿರ ಹಿಡಿದರೆ ಕುಂಕುಮ, ಮಗ್ಗದ ಎಣ್ಣೆ, ಹಳೇ ಪ್ಲಾಸ್ಟಿಕ್ಕು ಎಲ್ಲ ಸೇರಿದ ಒಂದು ವಾಸನೆ... ಅಯ್ಯೋ ಅಕ್ಕ, ಅಂದುಕೊಂಡು ಏಣಿಯ ಮೇಲೆಯೇ ಕೂತುಬಿಟ್ಟೆ. ಕೆಳಗಿನಿಂದ ನಮ್ಮನೆಯವರು, "ಏನೇ, ಇಳೀತೀಯೋ, ಇಲ್ಲ ಅಲ್ಲೇ ಸಂಸಾರ ಹೂಡ್ತೀಯೋ?" ಅಂದರು.

ಅಕ್ಕ ಅಂದರೆ ನನ್ನ ಒಡಹುಟ್ಟಿದವಳಲ್ಲ, ನನ್ನ ಓರಗಿತ್ತಿ. ನಮ್ಮನೆಯವರ ಅಣ್ಣನ ಹೆಂಡತಿ. ನನ್ನ ತವರು ಹೊಸಕೋಟೆ ಕಡೆಯ ಹಳ್ಳಿ. ರಾಗಿ ಹೊಲ, ಹಸು, ಸಂಜೆಯಾದರೆ ಕಪ್ಪೆಯ ಸದ್ದು, ಇಷ್ಟೇ ಗೊತ್ತಿದ್ದವಳು ಮದುವೆಯಾಗಿ ದೊಡ್ಡಬಳ್ಳಾಪುರದ ಮಗ್ಗದ ಮನೆಗೆ ಬಂದೆ. ಅಬ್ಬಬ್ಬಾ, ಆ ಸದ್ದು! ನಮ್ಮ ಮಗ್ಗ ನಿಂತರೆ ಪಕ್ಕದ ಮನೆಯದು, ಅದು ನಿಂತರೆ ಎದುರು ಮನೆಯದು. ಇಡೀ ಬೀದಿಯೇ ಹಲ್ಲು ಕಡಿಯುತ್ತಿರುವ ಹಾಗಿತ್ತು. ಮೊದಲ ವಾರ ನಾನು ಕಿವಿಗೆ ಹತ್ತಿ ಇಟ್ಟುಕೊಂಡು ಓಡಾಡಿದೆ. "ಹೊಸ ಸೊಸೆಗೆ ಕಿವಿ ಕೇಳ್ಸಲ್ವೇನೋ" ಎಂದು ಅತ್ತೆ ಬೀದಿಯವರಿಗೆಲ್ಲ ಹೇಳಿಬಿಟ್ಟಿದ್ದರು.

ಆ ಸದ್ದಿನಲ್ಲಿ ಮಾತಾಡುವುದನ್ನು ಕಲಿಸಿದವಳು ಅಕ್ಕ. ಮಗ್ಗದ ಮನೆಯಲ್ಲಿ ಯಾರೂ ಗಂಟಲು ಹರಿದುಕೊಳ್ಳುವುದಿಲ್ಲ. ತುಟಿ ನೋಡಬೇಕು, ಕೈ ನೋಡಬೇಕು. ಎರಡು ಬೆರಳು ಎತ್ತಿದರೆ ಕಾಫಿ, ಹಣೆ ಮುಟ್ಟಿಕೊಂಡರೆ ಅತ್ತೆ ಬರುತ್ತಿದ್ದಾರೆ. ನಾನು ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ಅಕ್ಕ ಮೂಲೆಯಲ್ಲಿದ್ದ ಕಂಪ್ಯೂಟರಿನಲ್ಲಿ ಸೀರೆಯ ಬಾರ್ಡರು, ಬುಟ್ಟಾ ಬರೆಯುತ್ತಿದ್ದಳು. ಆ ಕೆಲಸವನ್ನು ಅವಳು ಮದುವೆಗೆ ಮುಂಚೆಯೇ ಕಲಿತಿದ್ದಳಂತೆ. ಕರೆಂಟ್ ಹೋದರೆ ಬರೆದದ್ದು ಹಾಳಾಗಬಾರದೆಂದು ಭಾವ ಕಂಪ್ಯೂಟರಿಗೆ ಮಾತ್ರ ಬ್ಯಾಟರಿ ಹಾಕಿಸಿದ್ದರು.

ಆಗ ಕರೆಂಟ್ ದಿನಾ ಹೋಗುತ್ತಿತ್ತು. ಹೋದ ತಕ್ಷಣ ಬೀದಿಗೆ ಬೀದಿಯೇ ಗಪ್‌ಚುಪ್. ಗಂಡಸರು ಬೀಡಿ ಹಚ್ಚಿಕೊಂಡು ಹೊರಗೆ ಹೋಗುತ್ತಿದ್ದರು, ಅತ್ತೆ ಜಗಲಿಯ ಮೇಲೆ ಕಾಲು ಚಾಚುತ್ತಿದ್ದರು. ಅಂಥ ಒಂದು ಮಧ್ಯಾಹ್ನ ಅಕ್ಕ ನನ್ನನ್ನು ಕೈಸನ್ನೆ ಮಾಡಿ ಕರೆದಳು. ಸದ್ದೇ ಇಲ್ಲದಾಗಲೂ ಕೈಸನ್ನೆ, ಅಭ್ಯಾಸ ನೋಡಿ!

"ಬಾರೇ, ಒಂದು ತೋರಿಸ್ತೀನಿ. ಅತ್ತೆಗೆ ಹೇಳ್ಬೇಡ."

ಅವಳ ತಮ್ಮ ಕಾಲೇಜು ಓದುತ್ತಿದ್ದವನು ಬಂದಾಗ ಆ ಕಂಪ್ಯೂಟರಿಗೆ ಒಂದು ಆಟ ಹಾಕಿ ಹೋಗಿದ್ದ. ಆಟ ಎಂದರೆ ಲೂಡೋ, ಇಸ್ಪೀಟು ಅಂದುಕೊಂಡಿದ್ದೆ. ಪರದೆಯ ಮೇಲೆ ಒಂದು ಕಾಡು ತೆರೆದುಕೊಂಡಿತು. ಹೊಳೆ, ಪಾಳುಬಿದ್ದ ಕಲ್ಲಿನ ಗುಡಿ, ಬಹಳ ದೂರದಲ್ಲಿ ಹಿಮ ಹೊದ್ದ ಒಂದು ಬೆಟ್ಟ. ಕಣ್ಣಿಗೆ ಕಾಣುವ ಜಾಗಕ್ಕೆಲ್ಲ ನಡೆದುಕೊಂಡು ಹೋಗಬಹುದಂತೆ, ಯಾರೂ ತಡೆಯುವುದಿಲ್ಲವಂತೆ, ಹಾಗೆಂದು ತಮ್ಮ ಹೇಳಿದ್ದ. ನಾನು ಬೆಟ್ಟ ತೋರಿಸಿ, "ಅಲ್ಲಿಗೂನಾ?" ಅಂದೆ. "ಅಲ್ಲಿಗೂ ಕಣೆ" ಅಂದಳು. ನಮ್ಮ ಮಾಳಿಗೆ ಹತ್ತಿದರೆ ಕಾಣುವ ನಂದಿಬೆಟ್ಟಕ್ಕೇ ನಾವಿಬ್ಬರೂ ಹೋದವರಲ್ಲ.

ಮೊದಲು ಆಟಕ್ಕೆ ಒಬ್ಬಳನ್ನು ಮಾಡಿಕೊಳ್ಳಬೇಕಿತ್ತು. ಯಾವ ಕುಲ ಎಂದು ಕೇಳಿತು. "ಇಲ್ಲೂ ಬಿಡ್ಲಿಲ್ವಲ್ಲೇ ಈ ಪ್ರಶ್ನೆ!" ಎಂದು ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಉದ್ದ ಕಿವಿಯವರು, ಕುಳ್ಳರು, ಹಲ್ಲಿಮುಖದವರು, ಬೇಕಾದವರನ್ನು ಆರಿಸಿಕೋ ಎನ್ನುತ್ತಿತ್ತು. ಉದ್ದ ಕಿವಿಯವಳಿಗೆ ಓಲೆ ಚೆನ್ನಾಗಿ ಒಪ್ಪುತ್ತದೆ ಅಂತ ಅಕ್ಕನ ವಾದ. ಮುಖ ಮಾಡುವುದರಲ್ಲೇ ಎಷ್ಟೋ ಮಧ್ಯಾಹ್ನ ಕಳೆದವು. ಕೆನ್ನೆ ಸ್ವಲ್ಪ ತುಂಬಿಸು, ಮೂಗು ಇಳಿಸು, ಅಯ್ಯೋ ಅತ್ತೆ ಥರ ಆಯ್ತು, ತೆಗಿ ತೆಗಿ! ಮೂಗುತಿ ಮಾತ್ರ ಎಲ್ಲಿ ಹುಡುಕಿದರೂ ಸಿಗಲಿಲ್ಲ. ಕೊನೆಗೆ ಅವಳಿಗೆ ಪುಟ್ಟಿ ಎಂದು ಹೆಸರಿಟ್ಟೆವು.

ಬೆಂಚಿನಲ್ಲಿ ಅಕ್ಕ ಎಡಕ್ಕೆ, ನಾನು ಬಲಕ್ಕೆ. ನಡೆಯಲು ಈ ನಾಲ್ಕು ಗುಂಡಿ, ನೋಡಲು ಮತ್ತು ಹೊಡೆಯಲು ಮೌಸು ಎಂದು ಪರದೆಯ ಮೇಲೆ ಬಂತು. ಗುಂಡಿ ಅಕ್ಕನ ಕಡೆ ಇದ್ದವು, ಮೌಸು ನನ್ನ ಕಡೆ. ಸರಿ, ನಡೆಯುವವಳು ಅಕ್ಕ, ನೋಡುವವಳು ನಾನು. ಇದು ಒಬ್ಬರೇ ಆಡುವ ಆಟ ಎಂದು ನಮಗೆ ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ? ಮಗ್ಗಕ್ಕೆ ಹೊಸ ಹಾಸು ಏರಿಸುವಾಗ ಒಬ್ಬರು ಎಳೆ ಕೊಡುತ್ತಾರೆ, ಎದುರು ಕೂತವರು ಬಾಚಣಿಗೆಯಂಥ ಅಚ್ಚಿನೊಳಗೆ ಎಳೆದುಕೊಳ್ಳುತ್ತಾರೆ. ಒಂದು ಕೆಲಸಕ್ಕೆ ಇಬ್ಬರು ಕೂತು ನಮಗೆ ರೂಢಿ. ನಾನು ತಿರುಗಿ ನೋಡದೆ ಅಕ್ಕ ಹೆಜ್ಜೆ ಇಡುವಂತಿಲ್ಲ, ಅಕ್ಕ ಹೆಜ್ಜೆ ಇಡದೆ ನನಗೆ ಹೊಸದು ಕಾಣುವಂತಿಲ್ಲ.

ಮೊದಮೊದಲು ಪುಟ್ಟಿ ಕುಡಿದವಳ ಹಾಗೆ ನಡೆದಳು. ಮರಕ್ಕೆ ಹಾಯ್ದಳು, ಹೊಳೆಗೆ ಬಿದ್ದಳು. ಒಂದು ದಿನ ಪೊದೆಯಿಂದ ತೋಳ ಹಾರಿ ಬಂದಾಗ ನಾನು ಗಾಬರಿಯಲ್ಲಿ "ಓಡು ಅಕ್ಕ, ಓಡೇ!" ಎಂದು ಕಿರುಚಿದೆ. ಅಲ್ಲಿಯವರೆಗೆ ಅಕ್ಕನಿಗೆ ನೀವು, ತಾವು, ಬನ್ನಿ, ಹೋಗಿ. ಕಿರುಚಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವಳು ಓಡುತ್ತಲೇ, "ಓಡ್ತಿದೀನಲ್ಲೇ ಮಾರಾಯ್ತಿ, ನೀನು ಹಿಂದೆ ತಿರುಗ್ಬೇಡ!" ಅಂದಳು. ಅವತ್ತಿನಿಂದ ಅವಳು ನನಗೆ ನೀನು.

ಹೊಳೆಯ ಈಚೆ ಒಂದು ಹಳ್ಳಿ ಇತ್ತು, ಆಟ ಶುರುವಾಗುವ ಹಳ್ಳಿ. ನಾಲ್ಕಾರು ಮನೆ, ಒಂದು ಕುಲುಮೆ. ಬೇಕಾದ ಮನೆಗೆ ನುಗ್ಗಿ ಬೇಕಾದ್ದು ಎತ್ತಿಕೊಳ್ಳಬಹುದು ಎಂದು ತಮ್ಮ ಹೇಳಿದ್ದ. ಆದರೆ ಅಕ್ಕ ಹೊಸಿಲು ದಾಟುತ್ತಿರಲಿಲ್ಲ. ಪುಟ್ಟಿಯನ್ನು ಬಾಗಿಲಲ್ಲಿ ನಿಲ್ಲಿಸಿ ಕಾಯುವಳು. "ಕರೀದೆ ಹೆಂಗೇ ಹೋಗೋದು? ನಿಮ್ಮೂರಲ್ಲಿ ಹೋಗ್ತಾರಾ?" ಯಾರೂ ಕರೆಯುತ್ತಿರಲಿಲ್ಲ, ನಾವು ವಾಪಸು ಬರುತ್ತಿದ್ದೆವು. ಬಯಲಲ್ಲಿ ಬಿದ್ದಿದ್ದನ್ನು ಮಾತ್ರ ಬಿಡುತ್ತಿರಲಿಲ್ಲ. ಮಡಕೆ, ತಟ್ಟೆ, ಸೌಟು, ಕೋಸುಗಡ್ಡೆ, ಎಂದಾದರೂ ಬೇಕಾಗುತ್ತದೆ ಇರಲಿ ಎಂದು ಎಲ್ಲ ಪುಟ್ಟಿಯ ಚೀಲಕ್ಕೆ ತುಂಬಿದೆವು. ಒಂದು ದಿನ ಪುಟ್ಟಿ ನಿಂತಲ್ಲಿಂದ ಅಲುಗಲೇ ಇಲ್ಲ. ಗುಂಡಿ ಕೆಟ್ಟಿತು ಎಂದು ಅಕ್ಕ ತಮ್ಮನಿಗೆ ಫೋನು ಮಾಡಿದಳು.

"ಅಕ್ಕಾ, ಅವಳ ಬೆನ್ನ ಮೇಲೆ ಪಾತ್ರೆ ಅಂಗಡಿನೇ ಐತೆ. ಭಾರಕ್ಕೆ ನಡಿಯಕ್ಕಾಗ್ತಿಲ್ಲ. ಬಿಸಾಕು."

"ಪಾತ್ರೆ ಯಾರಾದ್ರೂ ಬಿಸಾಕ್ತಾರೇನೋ?" ಎಂದು ಅಕ್ಕ ಅವನಿಗೇ ಬೈದಳು. ಆಮೇಲೆ ಒಂದೊಂದನ್ನೇ ಹೊಳೆಯ ದಡದಲ್ಲಿ ನೀಟಾಗಿ ಜೋಡಿಸಿ ಬಂದೆವು.

ಒಮ್ಮೆ ಅತ್ತೆ ಬಂದದ್ದು ಗೊತ್ತೇ ಆಗಲಿಲ್ಲ. ನಮ್ಮ ಹೆಗಲ ಮೇಲಿಂದ ಬಗ್ಗಿ ಪುಟ್ಟಿಯ ಗುರಾಣಿ ನೋಡಿ, "ಈ ಬುಟ್ಟಾ ಚೆನ್ನಾಗೈತೆ. ಯಾವ ಪಾರ್ಟೀ ಆರ್ಡರ್ರು?" ಅಂದರು. "ಬೆಂಗಳೂರಿಂದು ಅತ್ತೆ" ಅಂದಳು ಅಕ್ಕ, ಮುಖದ ಗೆರೆ ಅಲುಗದ ಹಾಗೆ. ನಗು ತಡೆಯಲಾರದೆ ನಾನು ಬಚ್ಚಲಿಗೆ ಓಡಿದೆ.

ಕರೆಂಟ್ ಬಂದ ಕೂಡಲೇ ಮಗ್ಗಗಳು ಹೊಡೆದುಕೊಳ್ಳುತ್ತಿದ್ದವು, ಆಟ ನಿಲ್ಲುತ್ತಿತ್ತು. ಹಾಗಾಗಿ ನಾವು ಬಹಳ ದೂರ ಹೋಗಲೇ ಇಲ್ಲ. ಹೊಳೆಗೆ ಒಂದು ಸೇತುವೆ ಇತ್ತು, ಅದನ್ನು ಒಬ್ಬ ದೈತ್ಯ ಕಾಯುತ್ತಿದ್ದ. ಅವನನ್ನು ದಾಟಿದರೆ ಬೆಟ್ಟದ ದಾರಿ. ಅವನ ಕೈಯಲ್ಲಿ ಎಷ್ಟು ಸಲ ಸತ್ತೆವೋ... ಬೆಟ್ಟದ ತುದಿಗೆ ಇಬ್ಬರೂ ಸೇರಿ ಹೋಗೋಣ, ಅಲ್ಲಿಂದ ಏನು ಕಾಣುತ್ತದೆ ನೋಡೋಣ, ಅಷ್ಟೇ ನಮ್ಮ ಆಸೆ. ಕಂಡಿಕೆ ಸುತ್ತುವಾಗ ನನ್ನ ತಲೆಯಲ್ಲಿ ಆ ಬೆಟ್ಟವೇ. ಸದ್ದಿನ ನಡುವೆ ಅಕ್ಕ ಅತ್ತ ಕಡೆಯಿಂದ ಎರಡು ಬೆರಳು ನಡೆಸಿ ತೋರಿಸುವಳು, ನಾನು ತಲೆಯಾಡಿಸುವೆ. ನನ್ನ ಬದುಕಿನಲ್ಲಿ ಅಷ್ಟು ಖುಷಿಯಾಗಿದ್ದ ದಿನಗಳು ಬೇರೆ ಇಲ್ಲ. ಗಂಡ ಮಕ್ಕಳು ಓದಿದರೆ ಓದಲಿ, ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೇನೆ.

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಎನ್ನುತ್ತಾರಲ್ಲ, ನಮ್ಮ ಮನೆಯಲ್ಲೂ ಅದೇ ಆಯಿತು. ಭಾವನಿಗೆ ಸೀರೆಯ ಸಹವಾಸ ಸಾಕಾಗಿತ್ತು, ಇಲ್ಲೇ ನಮ್ಮ ಕಡೆಯ ವಿಜಯಪುರಕ್ಕೆ ಹೋಗಿ ರೇಷ್ಮೆ ಹುರಿ ಮಾಡುವ ಮಿಷನ್ ಹಾಕಬೇಕು ಎಂದರು. ಇರುವ ಕಸುಬು ಬಿಟ್ಟು ಹೋಗುವುದು ಯಾಕೆ ಎಂದು ನಮ್ಮನೆಯವರು. ಮಾತಿಗೆ ಮಾತು ಬೆಳೆದು, ಊಟಕ್ಕೆ ಕೂರುವುದು ಬೇರೆಯಾಗಿ, ಕೊನೆಗೆ ಹಿರಿಯರು ಜಗಲಿಯ ಮೇಲೆ ಕೂತು ಪಾಲು ಮಾಡಿದರು. ಮಗ್ಗಗಳು ನಮಗೆ. ಕಂಪ್ಯೂಟರ್ ಭಾವನಿಗೆ. ಒಳಗೆ ಬಾಗಿಲ ಸಂದಿಯಲ್ಲಿ ನಿಂತಿದ್ದ ನಮ್ಮಿಬ್ಬರನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೂ ಏನು ಹೇಳುತ್ತಿದ್ದೆ? ಪುಟ್ಟಿಯನ್ನು ನನಗೆ ಕೊಡಿ ಎಂದೇ?

ಟೆಂಪೋ ಬಂದ ದಿನ ಮಗ್ಗ ಓಡುತ್ತಿದ್ದವು. ನಮ್ಮನೆಯವರು ಬೇಕೆಂದೇ ನಿಲ್ಲಿಸಿರಲಿಲ್ಲ. ಅಕ್ಷರ ಅಳಿಸಿಹೋದ ಕೀಬೋರ್ಡ್ ಯಾಕೆ, ಹೊಸದು ತಗೊಂಡರಾಯಿತು ಎಂದು ಭಾವ ಅದೊಂದನ್ನು ಬಿಟ್ಟುಹೋದರು. ಅಕ್ಕ ಮಗ್ಗದ ಆಚೆ ನಿಂತು ತುಟಿಯಾಡಿಸಿದಳು. "ಪುಟ್ಟೀನ ನಾನು ನೋಡ್ಕೋತೀನಿ ಕಣೆ." ನಾನು ಏನು ಹೇಳಿದೆನೋ ನನಗೇ ಗೊತ್ತಿಲ್ಲ.

ಆಮೇಲಿನ ವರ್ಷಗಳು... ಗಂಡಂದಿರ ನಡುವೆ ಮಾತಿಲ್ಲದ ಮೇಲೆ ಹೆಂಡತಿಯರು ಫೋನು ಮಾಡಿದರೆ ಅದೊಂದು ರಂಪ. ಘಾಟಿ ದೇವಸ್ಥಾನದಲ್ಲಿ ಯಾರದೋ ಮಗುವಿನ ಮುಡಿ ಕೊಡುವಾಗ ಒಮ್ಮೆ ಎದುರಾದಳು. ಸುತ್ತ ನೆಂಟರು. "ಊಟ ಆಯ್ತಾ?" ಅಂದಳು. "ಆಯ್ತಕ್ಕ" ಅಂದೆ. ಆಗಿರಲಿಲ್ಲ. ಅಷ್ಟಕ್ಕೇ ಜನ ಅವಳನ್ನು ಆ ಕಡೆ, ನನ್ನನ್ನು ಈ ಕಡೆ ಎಳೆದುಕೊಂಡು ಹೋದರು.

ಹೋದ ವರ್ಷ ಭಾವ ಮಗಳ ಮದುವೆಗೆ ಕರೆಯಲು ಬಂದರು. ಅಣ್ಣತಮ್ಮಂದಿರು ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ರಾಜಿಯಾಗಿಬಿಟ್ಟರು. "ಆಗಿದ್ದಾಯ್ತು ಬಿಡಣ್ಣ" ಅಂತ ಇವರು, "ಆಯ್ತು ಬಿಡೋ" ಅಂತ ಅವರು. ಅಡುಗೆಮನೆಯಲ್ಲಿ ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ಲೋಟ ಕಾಫಿಗೆ ಮುಗಿಯುವ ಜಗಳಕ್ಕೆ ನಮ್ಮ ಅಷ್ಟು ವರ್ಷ ಹಾಳು ಮಾಡಿದರಲ್ಲ, ಇವರ ಮನೆ ಕಾಯ್ಹೋಗ!

ಮದುವೆಯ ಗಲಾಟೆ ಮುಗಿದ ಮೇಲೆ ಒಂದು ಮಧ್ಯಾಹ್ನ ಬಸ್ಸು ಹತ್ತಿ ವಿಜಯಪುರಕ್ಕೆ ಹೋದೆ. ಅಕ್ಕನ ತಲೆ ಅರ್ಧ ನರೆತಿತ್ತು. ಉಪ್ಪಿಟ್ಟು ಮಾಡಿ ಹಾಕಿದಳು, ಮಗಳ ಸಂಸಾರದ ಕತೆ ಹೇಳಿದಳು. ಕೋಣೆಯಲ್ಲಿ ಹೊಸ ಕಂಪ್ಯೂಟರ್ ಇತ್ತು. ನಾನು ಕೇಳಲೋ ಬೇಡವೋ ಎಂದುಕೊಂಡು ಕೊನೆಗೆ ಕೇಳಿಯೇಬಿಟ್ಟೆ. "ಅಕ್ಕ, ನಮ್ಮ ಪುಟ್ಟಿ?"

ಅವಳ ಮುಖ ಅರಳಿತು. "ಇದ್ದಾಳೆ ಬಾರೇ!"

ಪರದೆಯ ಮೇಲೆ ಯಾರೋ ರಾಣಿ ನಿಂತಿದ್ದಳು. ಮೈತುಂಬ ಬೆಳ್ಳಿ ಕವಚ, ಕೆಳಗೆ ಕಪ್ಪು ಕುದುರೆ. ಕೆನ್ನೆಯಿಂದ ಮಾತ್ರ ಗುರುತು ಸಿಕ್ಕಿತು. ಸೇತುವೆಯ ದೈತ್ಯ ಎಂದೋ ಸತ್ತಿದ್ದನಂತೆ. ಬೆಟ್ಟದಾಚೆ ಪಟ್ಟಣವಿದೆಯಂತೆ, ಅಲ್ಲಿ ಪುಟ್ಟಿಗೆ ಸ್ವಂತ ಮನೆ ಇದೆಯಂತೆ. ಬೇರೆಯವರ ಮನೆಯಲ್ಲಿ ಬೆಳೆದ ಮಗಳನ್ನು ನೋಡಿದ ಹಾಗಾಯಿತು. ಆದರೆ ನಾನು ಪುಟ್ಟಿಯನ್ನು ಹೆಚ್ಚು ಹೊತ್ತು ನೋಡಲಿಲ್ಲ. ಅಕ್ಕನ ಕೈ ನೋಡುತ್ತಿದ್ದೆ. ಎಡಗೈ ಗುಂಡಿಯ ಮೇಲೆ, ಬಲಗೈ ಮೌಸಿನ ಮೇಲೆ. ಎಷ್ಟು ಸಲೀಸಾಗಿ ನಡೆಯುತ್ತಿದ್ದಳು, ತಿರುಗುತ್ತಿದ್ದಳು! ಎಲ್ಲಿಯೂ ಎಡವಲಿಲ್ಲ. ಖುಷಿಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಹೊಟ್ಟೆ ಉರಿಯಿತು.

ಅವಳಿಗೆ ಅರ್ಥವಾಯಿತೇನೋ. ಮೌಸನ್ನು ನನ್ನ ಕಡೆ ಸರಿಸಿದಳು. "ಹಿಡಿಯೇ, ಮುಂಚಿನ ಥರ. ಬೆಟ್ಟಕ್ಕೆ ಕರ್ಕೊಂಡ್ಹೋಗ್ತೀನಿ."

ಹಿಡಿದೆ. ಆದರೆ ನಾನು ತಿರುಗಿ ನೋಡುವ ಮುಂಚೆಯೇ ಅಕ್ಕ ಹೆಜ್ಜೆ ಇಟ್ಟಿರುತ್ತಿದ್ದಳು. ಮುಂದೆ ಏನಿದೆ ಎಂದು ಅವಳಿಗೆ ಗೊತ್ತಿತ್ತಲ್ಲ, ನನ್ನ ನೋಟಕ್ಕೆ ಕಾಯುವ ಅಭ್ಯಾಸ ತಪ್ಪಿಹೋಗಿತ್ತು. ಪುಟ್ಟಿ ಬಂಡೆಗೆ ಹಾಯ್ದಳು, ಪೊದೆಗೆ ಸಿಕ್ಕಿಕೊಂಡಳು, ಆಮೇಲೆ ಕಡಿದಾದ ಅಂಚಿನಿಂದ ಕುದುರೆ ಸಮೇತ ಕೆಳಗೆ ಬಿದ್ದಳು. ಹಿಂದೆ ಆಗಿದ್ದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು. ಅಕ್ಕ ನಕ್ಕಳು, ಪ್ರೀತಿಯಿಂದಲೇ ನಕ್ಕಳು. ನನ್ನ ಬೆರಳ ಕೆಳಗಿಂದ ಮೌಸನ್ನು ಮೆಲ್ಲಗೆ ಎಳೆದುಕೊಂಡಳು.

"ಇರ್ಲಿ ಬಿಡೇ. ಕೊಡಿಲ್ಲಿ, ನಾನೇ ಹತ್ತಿಸ್ತೀನಿ."

ಹತ್ತಿಸಿದಳು. ತುದಿಯಿಂದ ಕೆಳಗಿನ ಹೊಳೆ, ನಮ್ಮ ಹಳ್ಳಿ ಎಲ್ಲ ಕಂಡವು. ಬಹಳ ಚೆನ್ನಾಗಿತ್ತು. ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತುಕೊಂಡು ಬಂದೆ. ಪಕ್ಕದಲ್ಲಿದ್ದ ಹೆಂಗಸು ಯಾರಮ್ಮ ಹೋದರು ಎಂದು ಕೇಳಿದಳು. ಯಾರೂ ಇಲ್ಲ ಎಂದೆ.

ನಿಜ, ಯಾರೂ ಹೋಗಿಲ್ಲ. ಅಕ್ಕ ಗಟ್ಟಿಮುಟ್ಟಾಗಿದ್ದಾಳೆ, ದಿನ ಬಿಟ್ಟು ದಿನ ಫೋನು ಮಾಡುತ್ತಾಳೆ. ನಮ್ಮ ಬೀದಿಯಲ್ಲಿ ಈಗ ಕರೆಂಟ್ ಹೋಗುವುದು ಅಪರೂಪ. ನನ್ನ ಮಗಳು ತನ್ನ ಲ್ಯಾಪ್‌ಟಾಪಿನಲ್ಲಿ ಅದೇ ಆಟ ಹಾಕಿಕೊಡುತ್ತೇನೆ, ಎರಡೂ ಕೈಯಲ್ಲಿ ಆಡುವುದು ಒಂದು ವಾರದ ಕಲಿಕೆ ಎನ್ನುತ್ತಾಳೆ. ಬೇಡ ಎಂದಿದ್ದೇನೆ. ಅವಳಿಗೆ ನಾನು ಸೋಮಾರಿ. ಕಲಿತುಬಿಟ್ಟರೆ ನನಗೂ ಅಕ್ಕ ಬೇಕಾಗುವುದಿಲ್ಲವಲ್ಲ, ಅದನ್ನು ಈ ಹುಡುಗಿಗೆ ಹೇಗೆ ಹೇಳಲಿ...

ಆಗಾಗ ವಿಜಯಪುರಕ್ಕೆ ಹೋಗುತ್ತೇನೆ. ಊಟ ಮುಗಿದ ಮೇಲೆ ಅಕ್ಕ ಕಂಪ್ಯೂಟರ್ ಹಚ್ಚಿ, ಕುರ್ಚಿಯ ಪಕ್ಕಕ್ಕೆ ಒಂದು ಸ್ಟೂಲು ಎಳೆದು ಹಾಕುತ್ತಾಳೆ.

"ಆಡ್ತೀಯೇನೆ?"

"ನೀನಾಡಕ್ಕ," ಎನ್ನುತ್ತೇನೆ. "ನಾನು ನೋಡ್ತೀನಿ."